ಹೊಡೆದವ ಯಾರ ಪೈಕಿ ಅಂತ ಕೇಳಬೇಡಿ

ದೊಡ್ಡ ನಾಯಕರೊಬ್ಬರ ಕೊಲೆಯ ಸುದ್ದಿ ಬಂದ ಕೂಡಲೇ ನಮ್ಮ ಮಂದಿ ಏನು ಕೇಳ್ತಾರೆ, ಗಮನಿಸಿದ್ದೀರಾ? ಮನೆಯವರು ಹೇಗಿದ್ದಾರೆ ಅಂತ ಕೇಳುವವರು ಕಡಿಮೆ. ಜೊತೆಗೆ ಇನ್ಯಾರು ಹೋದರು ಅಂತ ಕೇಳುವವರು ಇನ್ನೂ ಕಡಿಮೆ. 1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಜೊತೆ ಪೊಲೀಸರು, ಪಕ್ಷದ ಕಾರ್ಯಕರ್ತರು ಕೂಡ ಸತ್ತರು. ಅವರಲ್ಲಿ ಒಬ್ಬರ ಹೆಸರಾದರೂ ನಮಗೆ ನೆನಪಿದೆಯಾ? ನಾವು ಕೇಳೋದು ಒಂದೇ: ‘ಹೊಡೆದವ ಯಾರ ಪೈಕಿ ಅದಾನ್ರಿ?’ ಬೀದರಿನ ಚಹಾ ಅಂಗಡಿಯಲ್ಲೂ ಅದೇ, ವಾಟ್ಸಾಪ್ ಗುಂಪಿನಲ್ಲೂ ಅದೇ. ಯಾರು ಅಳಬೇಕು, ಯಾರು ‘ಚಲೋ ಆತು ಬಿಡ್ರಿ’ ಅನ್ನಬೇಕು ಅನ್ನೋದು ಅದರ ಉತ್ತರ ಸಿಕ್ಕ ಮೇಲೆ ತೀರ್ಮಾನ ಆಗುತ್ತದೆ.

ಈ ಪ್ರಶ್ನೆ ಕೇಳಿದರೆ ನನಗೆ ಭಯ ಆಗುತ್ತದೆ. ಬೀದರಿನವರಿಗೆಲ್ಲ ಆಗಬೇಕು.

1984ರ ಅಕ್ಟೋಬರ್ 31ರ ಬೆಳಿಗ್ಗೆ ದೆಹಲಿಯ ಸಫ್ದರ್‌ಜಂಗ್ ರಸ್ತೆಯ ಮನೆಯಲ್ಲಿ ಇಂದಿರಾ ಗಾಂಧಿಯವರಿಗೆ ಅವರ ಸಿಖ್ ಅಂಗರಕ್ಷಕರೇ ಗುಂಡು ಹೊಡೆದರು. ಬಿಯಂತ್ ಸಿಂಗ್ ಅಲ್ಲೇ ಸತ್ತ. ಸತವಂತ್ ಸಿಂಗ್‌ನನ್ನು 1989ರ ಜನವರಿಯಲ್ಲಿ ಗಲ್ಲಿಗೇರಿಸಿದರು. ಆದರೆ ಕೊಲೆಯಾದ ದಿನ ಸಂಜೆಯಿಂದಲೇ ದೆಹಲಿಯಲ್ಲಿ ಪೇಟ ಕಟ್ಟಿದವರೆಲ್ಲ ಕೊಲೆಗಾರರಾಗಿ ಕಾಣತೊಡಗಿದರು. ತ್ರಿಲೋಕಪುರಿಯಂಥ ಬಡವರ ಬಡಾವಣೆಗಳಲ್ಲಿ ಮನೆಯಿಂದ ಎಳೆದು, ಸೀಮೆಎಣ್ಣೆ ಸುರಿದು ಸುಟ್ಟರು. ದೆಹಲಿಯೊಂದರಲ್ಲೇ 2,733 ಜನ ಸತ್ತರು, ಇದು ಸರ್ಕಾರವೇ ಒಪ್ಪಿಕೊಂಡ ಲೆಕ್ಕ. ಮತದಾರರ ಪಟ್ಟಿ ಹಿಡಿದುಕೊಂಡು ಸಿಖ್ಖರ ಮನೆ ಹುಡುಕಿದರು ಅಂತ ಬದುಕಿ ಉಳಿದವರು ಹೇಳಿದ್ದಾರೆ. ಪಟ್ಟಿ ಹಿಡಿದು ಬಂದವರ ಕೆಲಸವನ್ನು ‘ಜನರ ದುಃಖ’ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ದೊಡ್ಡ ಮರ ಬಿದ್ದಾಗ ಭೂಮಿ ನಡುಗುತ್ತದೆ ಎಂದು ರಾಜೀವ್ ಗಾಂಧಿ ಅದೇ ನವೆಂಬರ್‌ನಲ್ಲಿ ಹೇಳಿದರು. ತಾಯಿಯನ್ನು ಕಳೆದುಕೊಂಡ ಮಗನ ನೋವು ನನಗೆ ಅರ್ಥ ಆಗುತ್ತದೆ. ಆದರೆ ಅವರು ಆಗ ದೇಶದ ಪ್ರಧಾನಿ ಕೂಡ ಆಗಿದ್ದರು, ಆ ಮಾತು ಬರಬಾರದಿತ್ತು. ಮನಮೋಹನ್ ಸಿಂಗ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2005ರಲ್ಲಿ. ಆ ಹತ್ಯೆಗಳ ಕೇಸಿನಲ್ಲಿ ಕಾಂಗ್ರೆಸ್ ನಾಯಕ ಸಜ್ಜನ್ ಕುಮಾರ್‌ಗೆ ದೆಹಲಿ ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2018ರಲ್ಲಿ. ಅಷ್ಟೊತ್ತಿಗೆ ಎಷ್ಟು ತಾಯಂದಿರು ಕಾದು ಕಾದು ಹೋಗಿಬಿಟ್ಟಿದ್ದರೋ.

ಇದು ದೆಹಲಿ ಕತೆ, ನಮಗ್ಯಾಕೆ ಅಂತ ಬೀದರಿನವರು ಅನ್ನೋ ಹಾಗಿಲ್ಲ. ಸಿಖ್ಖರ ಗುರುದ್ವಾರ ನಾನಕ್ ಝೀರಾ ನಮ್ಮೂರಲ್ಲಿದೆ. 1699ರಲ್ಲಿ ಗುರು ಗೋಬಿಂದ್ ಸಿಂಗ್ ಅವರ ಮುಂದೆ ತಲೆ ಕೊಡೋಕೆ ಎದ್ದು ನಿಂತ ಐವರಲ್ಲಿ, ಅಂದರೆ ಪಂಚ ಪ್ಯಾರೆಯರಲ್ಲಿ, ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಗುರುದ್ವಾರದ ಲಂಗರಿನಲ್ಲಿ, ಎಲ್ಲರಿಗೂ ಬಡಿಸುವ ಊಟದ ಸಾಲಿನಲ್ಲಿ, ಕೂತು ಉಂಡವರು ನಮ್ಮಲ್ಲಿ ಎಷ್ಟು ಜನ! ರೊಟ್ಟಿ ಬಡಿಸುವವರು ನೀ ಯಾರ ಪೈಕಿ ಅಂತ ಒಮ್ಮೆಯೂ ಕೇಳಿಲ್ಲ. ಅಂಥ ಊರಲ್ಲೇ 1988ರ ಸೆಪ್ಟೆಂಬರ್‌ನಲ್ಲಿ ಓದೋಕೆ ಬಂದಿದ್ದ ಸಿಖ್ ಹುಡುಗರನ್ನು ಕೊಂದರು. ಕಾಲೇಜಿಗೆ ಬಂದ ಮಕ್ಕಳು. ಇದರ ಬಗ್ಗೆ ನಮ್ಮೂರಲ್ಲಿ ಮಾತೇ ಇಲ್ಲ ಅನ್ನೋದು ನನ್ನನ್ನು ಈಗಲೂ ಕಾಡುತ್ತದೆ.

ಇನ್ನೂ ಹಿಂದೆ ಹೋಗೋಣ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಬಿಜ್ಜಳನ ಕೊಲೆ ಆದ ಮೇಲೆ ಏನಾಯಿತು ಅಂತ ಶರಣ ಪರಂಪರೆ ಹೇಳುತ್ತದಲ್ವಾ? ಕೊಂದವರು ಒಬ್ಬಿಬ್ಬರು. ಬೆನ್ನಟ್ಟಿಸಿಕೊಂಡವರು ಎಲ್ಲ ಶರಣರು. ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಚಪ್ಪಲಿ ಹೊಲಿಯುವವರು ವಚನದ ಕಟ್ಟುಗಳನ್ನು ಹೊತ್ತುಕೊಂಡು ಉಳವಿಯ ಕಡೆ ಓಡಿದರು. ಎಷ್ಟು ವಚನಗಳು ದಾರಿಯಲ್ಲೇ ಹಾಳಾದವೋ! ನಾವು ಬಸವ ಜಯಂತಿಯಲ್ಲಿ ಮೆರವಣಿಗೆ ಮಾಡ್ತೀವಿ, ಅನುಭವ ಮಂಟಪದ ಮಾತು ಆಡ್ತೀವಿ. ಅದೇ ನಾವು ಒಂದು ಕೊಲೆಯ ಸುದ್ದಿ ಬಂದ ಸಂಜೆ ‘ಇವರನ್ನು ಬಿಡಬಾರದು’ ಅಂತ ಒಂದಿಡೀ ಸಮುದಾಯದ ಮೇಲೆ ಬರೆದು ಕಳಿಸ್ತೀವಿ. ಬಿಜ್ಜಳನ ಸೈನಿಕರು ಮಾಡಿದ್ದೂ ಇದೇ ಅಲ್ವಾ?

ಗಾಂಧೀಜಿ ವಿಷಯ ನೋಡಿ. 1948ರ ಜನವರಿ 30ರ ಸಂಜೆ ಬಿರ್ಲಾ ಭವನದ ಗುಂಪಿನಲ್ಲಿ ಯಾರೋ ‘ಮುಸಲ್ಮಾನ ಕೊಂದ’ ಅಂತ ಕೂಗಿದರಂತೆ. ಆಗಿನ ಗವರ್ನರ್ ಜನರಲ್ ಮೌಂಟ್‌ಬ್ಯಾಟನ್ ತಕ್ಷಣ ‘ಅಲ್ಲ, ಹಿಂದೂ’ ಅಂದರು. ಆ ಗಳಿಗೆಯಲ್ಲಿ ಅವರಿಗೂ ಅದು ಖಚಿತವಾಗಿ ಗೊತ್ತಿರಲಿಲ್ಲ. ಕೊಂದವನು ಹಿಂದೂ ಅಂತ ರೇಡಿಯೋದಲ್ಲಿ ಬೇಗ ಹೇಳಿದ್ದರಿಂದ ಎಷ್ಟೋ ಮುಸ್ಲಿಮರ ಜೀವ ಉಳಿಯಿತು. ಆದರೆ ಗೋಡ್ಸೆಯ ಜಾತಿ ಗೊತ್ತಾದ ಮೇಲೆ ಸಾತಾರಾ, ಕೊಲ್ಲಾಪುರದ ಕಡೆ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಅಹಿಂಸೆ ಹೇಳಿದವರ ಹೆಸರಲ್ಲಿ! ಆ ಪ್ರಶ್ನೆಗೆ ಯಾವ ಉತ್ತರ ಸಿಕ್ಕರೂ ಯಾರದ್ದೋ ಮನೆ ಸುಡುತ್ತದೆ.

ಈಗ ಉತ್ತರ ನಿಜ ಇರಬೇಕು ಅಂತಲೂ ಇಲ್ಲ. 2022ರ ಜುಲೈ 8ರಂದು ಜಪಾನಿನ ನಾರಾದಲ್ಲಿ ಅಲ್ಲಿನ ಮಾಜಿ ಪ್ರಧಾನಿ ಶಿಂಜೊ ಅಬೆಯವರನ್ನು ಕೊಂದಾಗ, ವಿಡಿಯೋ ಗೇಮ್ ಮಾಡುವ ಹಿಡಿಯೊ ಕೊಜಿಮಾ ಅವರ ಫೋಟೋವನ್ನೇ ಕೊಲೆಗಾರ ಅಂತ ಯುರೋಪಿನಲ್ಲಿ ಹರಿಬಿಟ್ಟರು. ಒಬ್ಬ ರಾಜಕಾರಣಿಯೂ ಅದನ್ನು ಹಾಕಿ, ಆಮೇಲೆ ಕ್ಷಮೆ ಕೇಳಿದ. ಕೊಜಿಮಾ ಹೆಸರಾಂತ ವ್ಯಕ್ತಿ, ಬಚಾವಾದರು. ಭಾಲ್ಕಿಯ, ಹುಮನಾಬಾದಿನ ಬಡ ಹುಡುಗನ ಫೋಟೋ ಹಾಗೆ ಹೋದರೆ ಅವನ ಪರವಾಗಿ ಯಾರು ಮಾತಾಡ್ತಾರೆ?

ಕೆಲವರು ನನ್ನನ್ನು ಕೇಳಬಹುದು, ಸತ್ತವರು ಮಾಡಿದ ತಪ್ಪುಗಳನ್ನು ಹೇಳಲೇಬಾರದಾ? ಖಂಡಿತ ಹೇಳಿ. ತುರ್ತು ಪರಿಸ್ಥಿತಿ ತಪ್ಪು ಅಂತ ನಾನೂ ಹೇಳ್ತೀನಿ. 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ವಿರುದ್ಧ ನಿಂತವರು ನಮ್ಮ ಭಾಗದವರೇ ಆದ ಚಿಂಚೋಳಿಯ ವೀರೇಂದ್ರ ಪಾಟೀಲರು. ಚುನಾವಣೆಯಲ್ಲಿ ಎದುರಿಸಿದರು, ಸೋತರು. ವಿರೋಧ ಅಂದರೆ ಹಾಗಿರಬೇಕು. ಜಪಾನಿನಲ್ಲೂ ಅಬೆಯವರಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ಬೇಡ ಅಂತ ಸಾವಿರಾರು ಜನ ಬೀದಿಗಿಳಿದರು. ಅದನ್ನು ನಾನು ಒಪ್ತೀನಿ. ಗುಂಡು ಹೊಡೆದವನಿಗೆ ಚಪ್ಪಾಳೆ ತಟ್ಟೋದು ಬೇರೆ, ಅದನ್ನು ಯಾವತ್ತೂ ಒಪ್ಪಲ್ಲ. ನಮ್ಮ ಪಕ್ಷದವರು ಮಾಡಿದರೂ ಒಪ್ಪಲ್ಲ.

ನಾನು ಅಡ್ಮಿನ್ ಆಗಿರುವ ಗುಂಪಿನವರಿಗೆ ಈಗಲೇ ಹೇಳಿಬಿಡ್ತೀನಿ. ಇಂಥ ಸುದ್ದಿ ಬಂದ ದಿನ ಕೊಲೆಗಾರನ ಜಾತಿ, ಧರ್ಮ ಹುಡುಕಿ ಹಾಕಬೇಡಿ. ಸಾಯುವವರ ವಿಡಿಯೋ ಹಾಕಬೇಡಿ, ಅವರಿಗೂ ಮಕ್ಕಳಿದ್ದಾರೆ. ಹಾಕಿದರೆ ಅಳಿಸ್ತೀನಿ. ಹಾಕಿದವರು ವಯಸ್ಸಿನಲ್ಲಿ ದೊಡ್ಡವರಿದ್ದರೂ, ಕಾಕಾ ಇದ್ದರೂ, ಮಾವ ಇದ್ದರೂ ಅಳಿಸ್ತೀನಿ. ಸಿಟ್ಟು ಬಂದರೆ ನನಗೆ ಫೋನ್ ಮಾಡಿ, ಮಾತಾಡೋಣ.