‘ಡೌಟ್ ಬಂದರೆ ಮಾತ್ರ’ ಅನ್ನುವ ಮಾತಿನ ಬಗ್ಗೆ

ಇವತ್ತು ಒಂದು ಮೀಟಿಂಗ್‌ನಲ್ಲಿ ಹಿರಿಯ ಸರ್ಜನ್ ಒಬ್ಬರು ಎದ್ದು ನಿಂತು, "ಗಾಲ್‌ಬ್ಲಾಡರ್ ಆಪರೇಷನ್‌ನಲ್ಲಿ ಕೊಲಾಂಜಿಯೋಗ್ರಾಮ್ ಎಲ್ಲ ಸುಮ್ನೆ ಟೈಮ್ ವೇಸ್ಟ್. ಡೌಟ್ ಬಂದರೆ ಮಾತ್ರ ಮಾಡಿದರೆ ಸಾಕು" ಅಂದರು. ಪಿತ್ತಕೋಶ (ಗಾಲ್‌ಬ್ಲಾಡರ್) ತೆಗೆಯುವಾಗಲೇ ಪಿತ್ತನಾಳಗಳ ಎಕ್ಸ್‌ರೇ ನೋಡುವುದನ್ನು ಕೊಲಾಂಜಿಯೋಗ್ರಾಮ್ ಅಂತಾರೆ. ಅರ್ಧ ಹಾಲ್ ಹೌದೆಂದು ತಲೆಯಾಡಿಸಿತು. ಮನೆಗೆ ಬಂದರೂ ನನ್ನ ಸಿಟ್ಟು ಇಳಿದಿಲ್ಲ.

ನಮ್ಮ ವಾರ್ಡಿಗೆ ಎಂಥವರು ಬರುತ್ತಾರೆ ಗೊತ್ತಾ? ಬೇರೆಲ್ಲೋ ಪಿತ್ತಕೋಶ ತೆಗೆಸಿಕೊಂಡು, ಕಣ್ಣು ಹಳದಿಯಾಗಿ, ಹೊಟ್ಟೆಯೊಳಗೆ ಪಿತ್ತ ಸೋರಿಸಿಕೊಂಡು ಬಂದವರು. "ಮರುದಿನವೇ ಮನೆಗೆ ಕಳಿಸ್ತೀವಿ ಅಂದಿದ್ರು ಡಾಕ್ಟ್ರೇ" ಅಂತಾರೆ ಮನೆಯವರು. ಕರುಳಿನ ತುಂಡನ್ನು ಮೇಲೆ ತಂದು ಲಿವರ್ ಬುಡದ ನಾಳಕ್ಕೆ ಹೊಲಿಯಬೇಕು ಅಂತ ಅವರಿಗೆ ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ. ಇಷ್ಟು ವರ್ಷವಾದರೂ ಅಭ್ಯಾಸವಾಗಿಲ್ಲ.

ಪಿತ್ತಕೋಶ ತೆಗೆಯುವಾಗ ಕತ್ತರಿಸಬೇಕಾದ್ದು ಅದರ ಸಣ್ಣ ನಾಳವನ್ನು. ಆದರೆ ಊತ ಬಂದು ಎಲ್ಲ ಅಂಟಿಕೊಂಡಾಗ, ಪಿತ್ತಕೋಶವನ್ನು ಎಳೆದು ಹಿಡಿದಾಗ, ಮುಖ್ಯ ಪಿತ್ತನಾಳವೇ ಆ ಸಣ್ಣ ನಾಳದ ಹಾಗೆ ಕಾಣುತ್ತದೆ. ತಪ್ಪು ನಾಳಕ್ಕೆ ಕ್ಲಿಪ್ ಹಾಕುವವರಿಗೆ ಆ ಕ್ಷಣದಲ್ಲಿ ಡೌಟ್ ಇರುವುದೇ ಇಲ್ಲ! ಇದ್ದಿದ್ದರೆ ಹಾಕುತ್ತಲೇ ಇರಲಿಲ್ಲ, ಅಲ್ವಾ?

ಕೊಲಾಂಜಿಯೋಗ್ರಾಮ್ ಹೊಸದೇನಲ್ಲ. ಅರ್ಜೆಂಟೀನಾದ ಪಾಬ್ಲೊ ಮಿರಿಜ್ಜಿ ಇದನ್ನು ಶುರು ಮಾಡಿದ್ದು 1930ರ ದಶಕದಲ್ಲಿ. ಜರ್ಮನಿಯ ಎರಿಕ್ ಮ್ಯೂಹೆ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳಿಂದ, ಮೊದಲ ಸಲ ಪಿತ್ತಕೋಶ ತೆಗೆದದ್ದೇ ಅದಾಗಿ ಎಷ್ಟೋ ವರ್ಷಕ್ಕೆ, 1985ರಲ್ಲಿ. ಕೊಲಾಂಜಿಯೋಗ್ರಾಮ್‌ನಲ್ಲಿ ಮಾಡುವುದಿಷ್ಟೇ: ಸಣ್ಣ ನಾಳಕ್ಕೆ ತೆಳುವಾದ ಟ್ಯೂಬ್ ಹಾಕಿ, ಡೈ ಬಿಟ್ಟು, ಸಿ-ಆರ್ಮ್ ಅನ್ನುವ ಯಂತ್ರದಲ್ಲಿ ಎಕ್ಸ್‌ರೇ ನೋಡುವುದು. ಮುಖ್ಯ ನಾಳದಲ್ಲಿ ಉಳಿದ ಕಲ್ಲೂ ಅದರಲ್ಲೇ ಕಾಣುತ್ತದೆ. ಟ್ಯೂಬನ್ನು ತಪ್ಪಾಗಿ ಮುಖ್ಯ ನಾಳಕ್ಕೇ ಹಾಕಿದ್ದರೂ, ಲಿವರ್ ಕಡೆಯ ನಾಳಗಳು ತುಂಬದೇ ಇದ್ದಾಗ ಗೊತ್ತಾಗುತ್ತದೆ. ಗಾಯ ಸಣ್ಣ ತೂತಿಗೆ ನಿಲ್ಲುತ್ತದೆ, ನಾಳ ಪೂರ್ತಿ ತುಂಡಾಗುವುದಿಲ್ಲ.

ಎಲ್ಲರಿಗೂ ಮಾಡಿದರೆ ಪಿತ್ತನಾಳದ ಗಾಯ ಕಡಿಮೆಯಾಗುತ್ತೆ ಅಂತ ಪೂರ್ತಿ ಸಾಬೀತಾಗಿಲ್ಲ ಅನ್ನುತ್ತಾರೆ. ನಿಜ. ಈ ಗಾಯ ಆಗುವುದು ಸಾವಿರಕ್ಕೆ ಕೆಲವರಿಗೆ. ಸಾಬೀತು ಮಾಡಲು ಎಷ್ಟು ಸಾವಿರ ಜನರ ಮೇಲೆ ಪ್ರಯೋಗ ಬೇಕು, ಯೋಚಿಸಿ. ಅಲ್ಲಿಯವರೆಗೆ ಕಾಯಬೇಕಾ? ಇನ್ನು ಕೆಲವರು ನಾಳಗಳನ್ನು ತೋರಿಸಲು ಹಸಿರಾಗಿ ಹೊಳೆಯುವ ಐಸಿಜಿ ಡೈ ಇದೆಯಲ್ಲ ಅಂತಾರೆ. ಒಳ್ಳೆಯದೇ, ಎಕ್ಸ್‌ರೇ ಬೇಕಿಲ್ಲ. ಆದರೆ ಕೊಬ್ಬು ದಪ್ಪವಾಗಿದ್ದರೆ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಬೇರೆ ಕ್ಯಾಮೆರಾನೂ ಬೇಕು. ಮೂಳೆ ಡಾಕ್ಟರಿಗೆ ಅಂತ ಇಟ್ಟ ಸಿ-ಆರ್ಮ್ ಎಷ್ಟೋ ಆಪರೇಷನ್ ಥಿಯೇಟರುಗಳಲ್ಲಿ ಆಗಲೇ ಇದೆ.

ಡೌಟ್ ಬಂದಾಗ ಮಾತ್ರ ಅಂದರೆ ಇನ್ನೊಂದು ತೊಂದರೆ. ದಿನಾ ಮಾಡದ ಕೆಲಸ ಕಷ್ಟದ ಕೇಸಿನಲ್ಲಿ ಕೈಗೆ ಬರುವುದಿಲ್ಲ. ಟ್ಯೂಬ್ ಒಳಗೆ ಹೋಗುವುದಿಲ್ಲ, ಸಿಸ್ಟರ್‌ಗೆ ಡೈ ಸಿಗುವುದಿಲ್ಲ, ಟೆಕ್ನಿಷಿಯನ್ ಬರುವಷ್ಟರಲ್ಲಿ ಎಲ್ಲರ ತಾಳ್ಮೆ ಮುಗಿದಿರುತ್ತದೆ. ಪಿಜಿ ಮಕ್ಕಳು (ಸರ್ಜರಿ ಕಲಿಯುತ್ತಿರುವ ಡಾಕ್ಟರುಗಳು) ಇದನ್ನು ಕಲಿಯಬೇಕಾದ್ದು ಸುಲಭದ ಕೇಸಿನಲ್ಲಿ.

ನಾಳೆ ಲಿಸ್ಟಿನಲ್ಲಿ ಗಾಲ್‌ಬ್ಲಾಡರ್ ಕೇಸುಗಳಿವೆ. ಸಿ-ಆರ್ಮ್ ಬೇಕು ಅಂತ ಈಗಷ್ಟೇ ಹೇಳಿದೆ. ಟ್ಯೂಬ್ ಪಿಜಿಗಳೇ ಹಾಕುತ್ತಾರೆ, ನಾನು ಪಕ್ಕದಲ್ಲಿರುತ್ತೇನೆ.