ಟ್ರೋಮ್ಸೊದಲ್ಲಿ ಗೈಡ್ ಇರಲಿ

ಟ್ರೋಮ್ಸೊ ಪ್ರವಾಸದ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ನಾರ್ವೆಯ ಟ್ರೋಮ್ಸೊದಲ್ಲಿ ಉತ್ತರದ ಬೆಳಕು (ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು, ಅರೋರಾ) ನೋಡಲು ಗೈಡ್‌ಗೆ ದುಡ್ಡು ಕೊಡಬೇಕಿಲ್ಲ, ಊರಲ್ಲೇ ನಿಂತು ನೋಡಬಹುದು ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಅಲ್ಲಿ ಕಾಟ ಕೊಡುವುದು ಮೋಡ. ಊರು ಕರಾವಳಿಯಲ್ಲಿದೆ. ಸಮುದ್ರದ ಕಡೆಯಿಂದ ಮೋಡ ಬಂದು ಕವಿದರೆ ಎಷ್ಟು ಕಾದರೂ ಅಷ್ಟೇ. ನಾವು ಫೆಬ್ರವರಿಯಲ್ಲಿ ಹೋದಾಗ ಗೈಡ್ ಮೋಡದ ನಕ್ಷೆ ನೋಡಿ ವ್ಯಾನನ್ನು ಫಿನ್ಲೆಂಡ್ ಗಡಿಯ ಕಡೆಗೆ ತಿರುಗಿಸಿದರು. ಬೆಟ್ಟಗಳ ಮರೆಯಲ್ಲಿರುವ ಸ್ಕಿಬೋಟ್ನ್ ಕಣಿವೆಯಲ್ಲಿ ಮಳೆ, ಮೋಡ ಎರಡೂ ಕಡಿಮೆ. ಅಲ್ಲಿ ಆಕಾಶ ತಿಳಿಯಾಗಿತ್ತು. ಮೊದಲು ಕಂಡದ್ದು ಬರೀ ಬೂದು ಗೆರೆ, ಮೋಡದ ತುಂಡೇ ಅನ್ನಬೇಕು. ನೋಡನೋಡುತ್ತಾ ಅದು ಹಸಿರಾಯಿತು. ಅಂಚಿಗೆ ನೇರಳೆ ಬಂತು. ಆಮೇಲೆ ಗಾಳಿಗೆ ಹಾರುವ ಸೆರಗಿನ ಹಾಗೆ ಅಲುಗಾಡತೊಡಗಿತು. ಹಿಮ ಗಟ್ಟಿಯಾಗಿ ಜಾರುವ ಆ ರಸ್ತೆಯಲ್ಲಿ ನಮ್ಮಂಥವರು ರಾತ್ರಿ ಬಾಡಿಗೆ ಕಾರು ಓಡಿಸುವುದು ಹುಡುಗಾಟವಲ್ಲ, ಅಲ್ವಾ?

ಊರಿನ ಪಕ್ಕದ ಬೆಟ್ಟಕ್ಕೆ ಹೋಗುವ ಕೇಬಲ್ ಕಾರಿಗೆ ಮಾತ್ರ ಗೈಡ್ ಬೇಡ. 421 ಮೀಟರ್ ಎತ್ತರದ ಸ್ಟೋರ್‌ಸ್ಟೈನೆನ್ ಮೇಲಿಂದ ಊರು, ಸೇತುವೆ ಎಲ್ಲ ಕಾಣುತ್ತದೆ.

ಹೋಗುವವರು ಬೆಳಕಿನ ಟೂರನ್ನು ಮೊದಲ ರಾತ್ರಿಗೇ ಬುಕ್ ಮಾಡಿ. ಕೊನೆಯ ರಾತ್ರಿಗೆ ಇಟ್ಟುಕೊಂಡರೆ, ಮೋಡ ಬಂದಾಗ ಇನ್ನೊಂದು ಅವಕಾಶ ಸಿಗುವುದಿಲ್ಲ. ಫೋನ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗದ ಕ್ಯಾಂಪಿನಲ್ಲಿ ಊಟಕ್ಕೆ ಹೆಚ್ಚಾಗಿ ಬಿಡೋಸ್ ಕೊಡುತ್ತಾರೆ. ಅದು ಹಿಮಸಾರಂಗದ ಮಾಂಸ, ಆಲೂಗಡ್ಡೆ, ಕ್ಯಾರೆಟ್ ಹಾಕಿದ ಸಾರು. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ.