ಒಬ್ಬರು ಒಬ್ಬರಿಗೆ ಕಲಿಸುವುದು ದಾನವಲ್ಲ

ಇವತ್ತು ಒಂದು ನೋಟ್‌ಬುಕ್ ಹಂಚುವ ಕಾರ್ಯಕ್ರಮಕ್ಕೆ ಹೋಗಿದ್ದೆ. ವೇದಿಕೆಯ ಹಿಂದೆ 'ಈಚ್ ಒನ್ ಟೀಚ್ ಒನ್', ಅಂದರೆ ಒಬ್ಬೊಬ್ಬರೂ ಒಬ್ಬರಿಗೆ ಕಲಿಸಿ, ಅಂತ ದೊಡ್ಡ ಬ್ಯಾನರ್. ಓದಿದ ನಾವು ಓದದವರನ್ನು ಮೇಲೆತ್ತಬೇಕು ಅಂತ ಎಲ್ಲರೂ ಭಾಷಣ ಮಾಡಿದರು. ನೋಟ್‌ಬುಕ್ ತೆಗೆದುಕೊಂಡ ಮಕ್ಕಳ ಅಮ್ಮಂದಿರಲ್ಲಿ ಕೆಲವರು ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿದರು. ಅವರನ್ನು ಯಾರೂ ಮಾತಾಡಿಸಲಿಲ್ಲ. ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಬ್ಯಾನರಿನ ಆ ಮಾತು ಅಮೆರಿಕದ ಕಪ್ಪು ಗುಲಾಮರ ನಡುವೆ ಹುಟ್ಟಿದ್ದು ಅಂತ ಹೇಳುತ್ತಾರೆ. ಸೌತ್ ಕ್ಯಾರೊಲಿನಾದಲ್ಲಿ 1739ರಲ್ಲಿ ಗುಲಾಮರು ದಂಗೆ ಎದ್ದರು. ಮರುವರ್ಷವೇ ಕಾನೂನು ಬಂತು: ಗುಲಾಮರಿಗೆ ಬರೆಯೋಕೆ ಕಲಿಸಿದರೆ 100 ಪೌಂಡ್ ದಂಡ. ಅಕ್ಷರಕ್ಕೆ ಅಷ್ಟು ಹೆದರಿದ್ದರು!

ಅಮೆರಿಕದಲ್ಲಿ ಗುಲಾಮರಾಗಿ ಹುಟ್ಟಿ, ಆಮೇಲೆ ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ನೆನಪಾಗುತ್ತಾರೆ. ಬಾಲ್ಟಿಮೋರ್‌ನ ಬೀದಿ ಹುಡುಗರಿಗೆ ಬ್ರೆಡ್ ಕೊಟ್ಟು ಓದು ಕಲಿತವರು. 1834ರ ಸುಮಾರಿಗೆ, ಇನ್ನೂ ಗುಲಾಮರಾಗಿದ್ದಾಗಲೇ, ಗುಟ್ಟಾಗಿ ಭಾನುವಾರದ ಶಾಲೆ ನಡೆಸಿದರು. ಒಂದು ಹೊತ್ತಿನಲ್ಲಿ 40ಕ್ಕೂ ಜಾಸ್ತಿ ಜನ ಬರುತ್ತಿದ್ದರು. ಸಿಕ್ಕಿಬಿದ್ದರೆ 39 ಚಾಟಿಯೇಟು. ಪಾಠಕ್ಕೆ ಮನೆ ಕೊಟ್ಟವನ ಹೆಸರನ್ನು 1845ರ ಆತ್ಮಕಥೆಯಲ್ಲೂ ಅವರು ಬಿಟ್ಟುಕೊಡಲಿಲ್ಲ. ಆತನಿಗೆ ತೊಂದರೆ ಆದೀತು ಅಂತ.

ಅಲ್ಲಿ ಕಲಿಸಿದವರೂ ಗುಲಾಮರು, ಕಲಿತವರೂ ಗುಲಾಮರು. ಮೇಲೆ ನಿಂತು ಕೈ ಚಾಚಿದವರು ಯಾರೂ ಇಲ್ಲ. ನಿನ್ನೆ ಕಲಿತವನು ಇವತ್ತು ಪಕ್ಕದವನಿಗೆ ಹೇಳಿಕೊಡಬೇಕು, ಅಷ್ಟೇ. ವರ್ಣಭೇದದ ವಿರುದ್ಧ ಹೋರಾಡಿ ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲು ಸೇರಿದ ಕೈದಿಗಳೂ ಇದೇ ಮಾತು ಹಿಡಿದು ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರು. ಇಂಥ ಮಾತನ್ನು ನಾವು ಉಪಕಾರದ ಬ್ಯಾನರ್ ಮಾಡಿಬಿಟ್ಟೆವಲ್ಲ, ಅದೇ ನನ್ನ ಸಂಕಟ.

ಕಲಿಸೋಕೆ ತರಬೇತಿ ಬೇಕು, ಸುಮ್ನೆ ಯಾರೋ ಕಲಿಸಿದರೆ ಆಗಲ್ಲ ಅಂತ ಒಬ್ಬರು ವಾದ ಮಾಡಿದರು. ಶಾಲೆಗೆ ಸರಿ, ಒಪ್ಪುತ್ತೇನೆ. ಆದರೆ 1930ರ ದಶಕದಲ್ಲಿ ಫಿಲಿಪೈನ್ಸ್‌ನ ಲಾನಾವೊದಲ್ಲಿ ಅಕ್ಷರ ಕಲಿಸುತ್ತಿದ್ದ ಅಮೆರಿಕದ ಮಿಷನರಿ ಫ್ರಾಂಕ್ ಲೌಬಾಕ್ ಅವರ ಬಳಿ ಶಿಕ್ಷಕರ ಸಂಬಳಕ್ಕೆ ದುಡ್ಡು ಮುಗಿದಾಗ, ಕಲಿತವರೆಲ್ಲ ಕಲಿಸಲೇಬೇಕು ಅಂತ ಅಲ್ಲಿನ ಮಾರನಾವ್ ಸಮುದಾಯದ ಮುಖಂಡನೇ ಪಟ್ಟು ಹಿಡಿದ. ಕೆಲಸ ನಿಲ್ಲಲಿಲ್ಲ. ಈ ಮಾತು ಲೋಕವೆಲ್ಲ ಸುತ್ತಿದ್ದು ಆಮೇಲೆ.

ನನ್ನ ಅಮ್ಮ ಅಕ್ಷರ ಕಲಿತದ್ದು ಬೀಡಿ ಕಟ್ಟುವಾಗ, ಪಕ್ಕದಲ್ಲಿ ಕೂರುತ್ತಿದ್ದ ಅಕ್ಕನಿಂದ. ಆ ಅಕ್ಕ ಓದಿದ್ದು ಮೂರನೇ ಕ್ಲಾಸು. ಆಮೇಲೆ ಅಮ್ಮ ಚಿಕ್ಕಮ್ಮನಿಗೆ ಕಲಿಸಿದರು. ಅಮ್ಮನಿಗೆ ಓದು ಬಂದಾಗಿನ ಖುಷಿಗಿಂತ ಚಿಕ್ಕಮ್ಮನಿಗೆ ಕಲಿಸಿದ ಹೆಮ್ಮೆಯೇ ದೊಡ್ಡದು, ಇವತ್ತಿಗೂ.

ಕಾರ್ಯಕ್ರಮ ಮಾಡುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಹೊಸದಾಗಿ ಓದು ಕಲಿತ ಹೆಂಗಸರನ್ನೇ ಕರೆದು, ಕಲಿಸುವ ಜಾಗದಲ್ಲಿ ಕೂರಿಸಿ.